ಕಾಗದದ ಮನೆ, ಚಿತ್ರದ ಮನೆ

ಗೋಡೆ ಕಿಡಕಿಯ ಮಟ್ಟಕ್ಕೆ ಏರಿದ ದಿನ ಜಗಳ ಶುರುವಾಗುತ್ತದೆ. ಆಳಂದ ಇರಲಿ, ಅಫಜಲಪುರ ಇರಲಿ, ಜೇವರ್ಗಿ ಇರಲಿ, ಹೊಸ ಮನೆ ಏಳುವ ಕಡೆ ಈ ಮಾತು ನನ್ನ ಕಿವಿಗೆ ಎಷ್ಟೋ ಸಲ ಬಿದ್ದಿದೆ. ಮನೆ ಕಟ್ಟಿಸುವವರು ಮೊಬೈಲು ಮುಂದೆ ಹಿಡಿಯುತ್ತಾರೆ. “ಗೌಂಡಿ ಅಣ್ಣಾ, ಚಿತ್ರದಾಗ ಕಿಡಕಿ ಎಷ್ಟ ಅಗಲ ಅದ ನೋಡು. ಇಲ್ಲಿ ಯಾಕ ಇಷ್ಟ ಸಣ್ಣದ ಬಿಟ್ಟಿ?” ಗೌಂಡಿ ಕಿಸೆಯಿಂದ ಮಡಚಿದ ಪ್ಲಾನು ತೆಗೆದು ಸಿಮೆಂಟಿನ ಚೀಲದ ಮೇಲೆ ಹರಡುತ್ತಾನೆ. “ನನ್ನ ಕಾಗದದಾಗ ನಾಕ ಫೂಟ ಅಂತ ಬರದಾರ್ರಿ ಸಾವ್ಕಾರ್ರ. ನಾ ಕಾಗದ ನೋಡಿ ಕಟ್ಟಾಂವ.”

ಇಬ್ಬರದೂ ಸತ್ಯವೇ. ಕಾಗದದಲ್ಲಿ ನಾಲ್ಕು ಅಡಿಯೇ ಇದೆ, ಚಿತ್ರದಲ್ಲಿ ಕಿಡಕಿ ಅಗಲವಾಗಿಯೇ ಕಾಣುತ್ತದೆ. ಒಂದೇ ಮನೆ ಒಂದು ಸಾಫ್ಟ್‌ವೇರಿನಿಂದ ಇನ್ನೊಂದು ಸಾಫ್ಟ್‌ವೇರಿಗೆ ಹೋಗುವ ದಾರಿಯಲ್ಲಿ ಎರಡು ಮನೆಯಾಗಿದೆ. ಕಟ್ಟಡ ಕಟ್ಟುವುದರ ಬಗ್ಗೆ ಎಷ್ಟೋ ಬರೆಯುತ್ತೇವೆ, ಈ ದಾರಿಯ ಬಗ್ಗೆ ಬರೆದದ್ದು ಕಡಿಮೆ. ದಾರಿಯಲ್ಲಿ ಬಿದ್ದುಹೋದದ್ದರ ಖರ್ಚು ಹೊರುವವರು ಮಾತ್ರ ಸಾಲ ಮಾಡಿ ಮನೆ ಕಟ್ಟಿಸುವವರು.

ಕಲಬುರಗಿ ಜಿಲ್ಲೆಯ ನಮ್ಮ ತಾಲ್ಲೂಕುಗಳಲ್ಲಿ ಕೆಲಸ ನಡೆಯುವ ಬಗೆ ಹೀಗಿದೆ. ಪ್ಲಾನು ಊರಿನ ಎಂಜಿನಿಯರ್ ಕಚೇರಿಯಲ್ಲಿ ಆಗುತ್ತದೆ, ಹೆಚ್ಚಾಗಿ ಆಟೋಕ್ಯಾಡ್‌ನಲ್ಲಿ. ‘ಎಲಿವೇಶನ್’ ಅಥವಾ ‘ಥ್ರೀಡಿ’ ಎಂದು ಜನ ಕರೆಯುವ ಬಣ್ಣದ ಚಿತ್ರವನ್ನು ಕಲಬುರಗಿಯಲ್ಲೋ ಸೋಲಾಪುರದಲ್ಲೋ ಕುಳಿತ ಇನ್ನೊಬ್ಬ ಹುಡುಗ ಮಾಡಿಕೊಡುತ್ತಾನೆ. ಕಟ್ಟುವ ಗೌಂಡಿ ಮೂರನೆಯವನು. ಈ ಮೂವರು ಒಂದೇ ಮೇಜಿನ ಸುತ್ತ ಕೂಡುವುದಿಲ್ಲ. ಅವರ ನಡುವೆ ಓಡಾಡುವುದು ಒಂದು ಫೈಲು, ಅದೂ ವಾಟ್ಸಾಪಿನಲ್ಲಿ. ಕೆಲವೊಮ್ಮೆ ಫೈಲೂ ಇಲ್ಲ, ಪ್ಲಾನಿನ ಫೋಟೋ ಅಷ್ಟೆ. ಅದನ್ನು ನೋಡಿ ಚಿತ್ರದ ಹುಡುಗ ಇಡೀ ಮನೆಯನ್ನು ಹೊಸದಾಗಿ ಎಬ್ಬಿಸುತ್ತಾನೆ. ದೊಡ್ಡ ಕ್ಯಾಂಪಸ್ಸಿನ ಕಟ್ಟಡಕ್ಕಾದರೆ ಇದನ್ನು ನೋಡಿಕೊಳ್ಳಲೆಂದೇ ಒಬ್ಬರು ಇರುತ್ತಾರೆ. ಮೂವತ್ತು–ನಲವತ್ತರ ಸೈಟಿನ ಮನೆಗೆ ಯಾರಿದ್ದಾರೆ?

ಸಾಫ್ಟ್‌ವೇರುಗಳಲ್ಲಿ ಎರಡು ಜಾತಿ. ಒಂದಕ್ಕೆ ಕಟ್ಟಡ ಗೊತ್ತು, ಇನ್ನೊಂದಕ್ಕೆ ಕಟ್ಟಡ ತೋರಿಸುವುದು ಗೊತ್ತು. ರೆವಿಟ್, ಆರ್ಕಿಕ್ಯಾಡ್ ಮೊದಲ ಜಾತಿಯವು. ಅಲ್ಲಿ ಗೋಡೆ ಎಂದರೆ ಗೋಡೆಯೇ: ದಪ್ಪ 9 ಇಂಚು, ಒಳಗೆ ಇಟ್ಟಿಗೆ, ಎರಡೂ ಕಡೆ ಗಿಲಾವು, ಇಂಥ ಮಹಡಿಯದು, ಅದರಲ್ಲೊಂದು ಕಿಡಕಿ. ಗೋಡೆ ಸರಿಸಿದರೆ ಕಿಡಕಿಯೂ ಜೊತೆಗೆ ಸರಿಯುತ್ತದೆ. ಲ್ಯೂಮಿಯಾನ್, ಟ್ವಿನ್‌ಮೋಷನ್ ಎರಡನೆಯ ಜಾತಿಯವು. ಅವಕ್ಕೆ ಗೋಡೆ, ಕಿಡಕಿ ಎಂಬುದೇ ಇಲ್ಲ. ಸಾವಿರಾರು ಸಣ್ಣ ತ್ರಿಕೋನಗಳು, ಆ ತ್ರಿಕೋನಗಳ ಮೇಲೆ ಬಣ್ಣ, ಬೆಳಕು. ಮೊದಲನೆಯದರಿಂದ ಎರಡನೆಯದಕ್ಕೆ ಮನೆ ದಾಟುವಾಗ ಆಕಾರ ಉಳಿಯುತ್ತದೆ, ಅರ್ಥ ಉದುರುತ್ತದೆ.

ನಮ್ಮ ಹಿರಿಯರ ಬಳಿ ಅರ್ಥವನ್ನು ಹೊರುವ ಒಂದು ಮಾತಿತ್ತು: ಅಂಕಣ. ಪತ್ರಿಕೆಯ ಅಂಕಣವಲ್ಲ, ಮನೆಯ ಅಂಕಣ, ಎರಡು ಕಂಬಸಾಲುಗಳ ನಡುವಿನ ಜಾಗ. ‘ಐದಂಕಣದ ಮನೆ, ಮೂಡಣ ಬಾಗಿಲು’ ಎಂದರೆ ಬಡಿಗನಿಗೆ ಕಂಬ, ತೊಲೆ, ಜಂತಿಗಳ ಲೆಕ್ಕ ಸಿಕ್ಕಿತು, ಗೌಂಡಿಗೆ ಗೋಡೆಯ ಲೆಕ್ಕ ಸಿಕ್ಕಿತು, ಮನೆಯವರ ಕಣ್ಣ ಮುಂದೆ ಪಡಸಾಲಿ ಬಂದು ನಿಂತಿತು. ಒಂದೇ ಮಾತು ಮೂವರಿಗೂ ಕೆಲಸ ಮಾಡುತ್ತಿತ್ತು. ಇವತ್ತಿನ ಫೈಲಿನಲ್ಲಿ ಹುಡುಕಬೇಕಾದದ್ದೂ ಅಂಥದ್ದೇ ಗುಣ.

ಮೊದಲು ದಾರಿ ತಪ್ಪುವುದು ಅಳತೆ. ಕಂಪ್ಯೂಟರಿಗೆ 360 ಎಂಬುದು ಬರೀ ಅಂಕಿ. ಅದು ಇಂಚೋ, ಸೆಂಟಿಮೀಟರೋ, ಮಿಲಿಮೀಟರೋ ಎಂಬುದನ್ನು ಬೇರೆಯಾಗಿ ಹೇಳಬೇಕು. 30 ಅಡಿ ಮುಂಭಾಗದ ಮನೆಯನ್ನು ಇಂಚಿನಲ್ಲಿ ಬರೆದರೆ 360. ತೆರೆಯುವ ಸಾಫ್ಟ್‌ವೇರು ಅದನ್ನು ಮಿಲಿಮೀಟರ್ ಎಂದುಕೊಂಡರೆ ಮನೆಯ ಅಗಲ 36 ಸೆಂಟಿಮೀಟರ್, ಅಂದರೆ ಒಂದು ಮೊಳವೂ ಇಲ್ಲ. ಮೀಟರ್ ಎಂದುಕೊಂಡರೆ ಊರಿನ ಒಂದು ಓಣಿಯಷ್ಟು ಉದ್ದ. ಒಬಿಜೆ ಎಂಬ ಹಳೆಯ ಮಾದರಿಯ ಫೈಲಿನಲ್ಲಂತೂ ಅಳತೆಯ ಮಾನವನ್ನು ಹೇಳುವ ಏರ್ಪಾಡೇ ಇಲ್ಲ.

ಇಷ್ಟು ದೊಡ್ಡ ತಪ್ಪು ಯಾರ ಕಣ್ಣಿಗಾದರೂ ಬೀಳುತ್ತದೆ, ಅದರಿಂದ ಹಾನಿಯಿಲ್ಲ. ಹಾನಿ ಆಗುವುದು ಅದನ್ನು ಸರಿಪಡಿಸುವ ಬಗೆಯಿಂದ. ಮೊಳದುದ್ದದ ಮನೆ ಬಂದಿತೆಂದು ಚಿತ್ರದ ಹುಡುಗ ಮೂಲೆ ಹಿಡಿದು ಎಳೆದು ದೊಡ್ಡದು ಮಾಡುತ್ತಾನೆ. ಬಾಗಿಲ ಪಕ್ಕ ಒಬ್ಬ ಮನುಷ್ಯನನ್ನು ನಿಲ್ಲಿಸಿ, ಕಣ್ಣಿಗೆ ಸರಿ ಕಂಡಾಗ ಬಿಡುತ್ತಾನೆ. ಮನೆ ನೂರಕ್ಕೆ ಏಳೆಂಟು ಭಾಗ ಹೆಚ್ಚು ದೊಡ್ಡದಾಗಿದ್ದರೂ ಅದು ಕಣ್ಣಿಗೆ ಕಾಣುವುದಿಲ್ಲ. ಆದರೆ ಆ ಚಿತ್ರದಲ್ಲಿ ಹತ್ತಡಿಯ ಕೋಣೆಗೆ ಆರಡಿಯ ಮಂಚ, ಕಪಾಟು, ನಡುವೆ ನಡೆಯುವ ಜಾಗ ಎಲ್ಲ ಸಲೀಸಾಗಿ ಹಿಡಿಸುತ್ತವೆ. ಕಟ್ಟಿದ ಮೇಲೆ ಕಪಾಟಿನ ಬಾಗಿಲು ಮಂಚಕ್ಕೆ ತಾಗುತ್ತದೆ. ಕಣ್ಣಳತೆಯಿಂದ ಸರಿಪಡಿಸಿದ ತಪ್ಪು ಸರಿಯಾದ ತಪ್ಪಲ್ಲ, ಅಡಗಿಸಿಟ್ಟ ತಪ್ಪು. ಇದಕ್ಕೆ ಗೌಂಡಿಯ ಕೈಯಲ್ಲೇ ಮದ್ದಿದೆ, ಗಜಕಡ್ಡಿ. ಫೈಲು ಕಳಿಸುವ ಮುಂಚೆ ಮನೆಯ ಪಕ್ಕದಲ್ಲಿ ಕರಾರುವಾಕ್ಕಾಗಿ ಮೂರಡಿ ಉದ್ದದ ಒಂದು ಕಡ್ಡಿಯನ್ನು ಮಾದರಿಯಲ್ಲೇ ಇಡಬೇಕು. ಆ ಕಡೆ ತೆರೆದವನು ಮೊದಲು ಆ ಕಡ್ಡಿಯನ್ನು ಅಳೆಯಬೇಕು. ಅದು ಮೂರಡಿ ಇದ್ದರೆ ಮನೆಯೂ ಸರಿ.

ಇನ್ನೊಂದು ತೊಂದರೆ ನಮ್ಮ ಊರುಗಳು ಭೂಮಿಯ ಮೇಲೆ ಇರುವ ಜಾಗದಿಂದಲೇ ಬರುತ್ತದೆ. 2020ರ ಏಪ್ರಿಲ್‌ನಲ್ಲಿ ಸ್ವಾಮಿತ್ವ ಯೋಜನೆ ಶುರುವಾದ ಮೇಲೆ ಡ್ರೋನಿನಿಂದ ಊರು ಅಳೆಯುವುದು ಹಳ್ಳಿಯವರಿಗೂ ಪರಿಚಿತವಾಗಿದೆ. ಇಂಥ ಆಧುನಿಕ ಸರ್ವೆಯ ನಕ್ಷೆಯಲ್ಲಿ ಸೈಟಿನ ಮೂಲೆಗಳನ್ನು ಭೂಮಿಯ ಲೆಕ್ಕದಲ್ಲಿ ಗುರುತಿಸುತ್ತಾರೆ. ಯುಟಿಎಂ ಎಂಬ ಪದ್ಧತಿಯಲ್ಲಿ ಉತ್ತರದ ಅಂಕಿ ಎಂದರೆ ಭೂಮಧ್ಯರೇಖೆಯಿಂದ ಎಷ್ಟು ಮೀಟರ್ ಎಂಬುದು. ನಮ್ಮ ಮೂರೂ ತಾಲ್ಲೂಕುಗಳಿಗೆ ಅದು 19 ಲಕ್ಷದ ಆಸುಪಾಸು. ಚಿತ್ರ ತೋರಿಸುವ ಸಾಫ್ಟ್‌ವೇರುಗಳು ವೇಗಕ್ಕಾಗಿ ಒಂದೊಂದು ಅಂಕಿಗೂ 32 ಬಿಟ್ ಜಾಗ ಮಾತ್ರ ಕೊಡುವುದು ರೂಢಿ. ಅಷ್ಟರಲ್ಲಿ ನೆಚ್ಚಬಹುದಾದದ್ದು ಸುಮಾರು ಏಳು ಅಂಕಿಗಳನ್ನು. 19 ಲಕ್ಷ ಬರೆಯುವುದಕ್ಕೇ ಏಳೂ ಖರ್ಚಾಗುತ್ತವೆ. ಲೆಕ್ಕ ಹಾಕಿದರೆ, ಅಷ್ಟು ದೂರದಲ್ಲಿ ಇಂಥ ಸಾಫ್ಟ್‌ವೇರಿಗೆ ಒಂದು ಬಿಂದುವಿನಿಂದ ಮುಂದಿನ ಬಿಂದುವಿಗೆ ಹೆಜ್ಜೆ ಹನ್ನೆರಡೂವರೆ ಸೆಂಟಿಮೀಟರ್, ಹತ್ತಿರ ಹತ್ತಿರ ಐದು ಇಂಚು. ನಾವು ಒಳಗೆ ಕಟ್ಟುವ ಅರ್ಧ ಇಟ್ಟಿಗೆಯ ಗೋಡೆ ನಾಲ್ಕೂವರೆ ಇಂಚು. ಅಂದರೆ ಆ ಗೋಡೆಯ ಎರಡೂ ಮುಖಗಳು ಒಂದೇ ಬಿಂದುವಿನ ಮೇಲೆ ಬಿದ್ದು ಗೋಡೆಯೇ ಇಲ್ಲದಂತಾಗಬಹುದು. ಪರದೆಯ ಮೇಲೆ ಮನೆ ನಡುಗುತ್ತದೆ, ಅಂಚುಗಳು ಹಲ್ಲುಹಲ್ಲಾಗುತ್ತವೆ. ಹುಡುಗರು ಗ್ರಾಫಿಕ್ಸ್ ಕಾರ್ಡು ಕೆಟ್ಟಿತೆಂದು ಹೊಸದಕ್ಕೆ ದುಡ್ಡು ಹಾಕುವುದೂ ಉಂಟು. ಮಾಡಬೇಕಾದದ್ದು ಇಷ್ಟೇ: ಸೈಟಿನ ಒಂದು ಮೂಲೆಯನ್ನು ಸೊನ್ನೆ ಎಂದು ಹಿಡಿದು ಮನೆಯನ್ನು ಅಲ್ಲಿಗೆ ತರಬೇಕು, ಎಷ್ಟು ಸರಿಸಿದೆವು ಎಂಬುದನ್ನು ಬರೆದಿಡಬೇಕು. ರೆವಿಟ್ ಕೂಡ ತನ್ನ ಮೂಲಬಿಂದುವಿನಿಂದ 16 ಕಿಲೋಮೀಟರ್ ಒಳಗೇ ಕಟ್ಟಡ ಇರಲಿ ಎನ್ನುತ್ತದೆ. ಸರಿಸಿದ ಲೆಕ್ಕ ಬರೆದಿಡದಿದ್ದರೆ ಮನೆಯನ್ನು ಅದರ ಸೈಟಿಗೆ ವಾಪಸು ಒಯ್ಯಲಾಗದು.

ಹೀಗೆ ಸರಿಸುವಾಗ ಮನೆ ತನ್ನ ಊರನ್ನೇ ಕಳೆದುಕೊಳ್ಳುತ್ತದೆ. ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವ ಸಂಗತಿ ಇದೇ.

ಮನೆಯ ಮಾದರಿ ಎಬ್ಬಿಸುವ ಸ್ಕೆಚ್‌ಅಪ್ ಎಂಬ ಸಾಫ್ಟ್‌ವೇರು ಹುಟ್ಟಿದ್ದು 2000ದಲ್ಲಿ, ಅಮೆರಿಕದ ಕೊಲರಾಡೊ ರಾಜ್ಯದ ಬೌಲ್ಡರ್ ಎಂಬ ಊರಿನಲ್ಲಿ. ಮನೆ ಯಾವ ಊರಿನದೆಂದು ನಾವು ಹೇಳದಿದ್ದರೆ ಅದು ಬಹುಕಾಲ ಬೌಲ್ಡರಿನ ಸೂರ್ಯನನ್ನೇ ಕಾಣಿಸುತ್ತಿತ್ತು. ಬೌಲ್ಡರ್ ಇರುವುದು 40 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಆಳಂದ ಹದಿನೇಳೂವರೆಯಲ್ಲಿ. ಡಿಸೆಂಬರ್ 21ರ ನಡುಮಧ್ಯಾಹ್ನ ಆಳಂದದಲ್ಲಿ ಸೂರ್ಯ 49 ಡಿಗ್ರಿ ಎತ್ತರದಲ್ಲಿರುತ್ತಾನೆ, ಬೌಲ್ಡರಿನಲ್ಲಿ ಇಪ್ಪತ್ತಾರೂವರೆ ಡಿಗ್ರಿಯಷ್ಟು ತಗ್ಗಿನಲ್ಲಿ. ಚಜ್ಜ ಇಲ್ಲದ, ಏಳಡಿ ಎತ್ತರದವರೆಗಿನ ದಕ್ಷಿಣದ ಕಿಡಕಿಯಿಂದ ಆ ಹೊತ್ತಿಗೆ ಬಿಸಿಲು ನಮ್ಮ ಪಡಸಾಲಿಯೊಳಗೆ ಆರಡಿ ಬರುತ್ತದೆ. ಬೌಲ್ಡರಿನಲ್ಲಿ ಹದಿನಾಲ್ಕು ಅಡಿ. ಚಿತ್ರದಲ್ಲಿ ನೆಲದುದ್ದಕ್ಕೂ ಹೊನ್ನಿನ ಬಿಸಿಲು ಚಾಚಿದ್ದನ್ನು ನೋಡಿ ಮನೆಯವರು ಖುಷಿಪಡುತ್ತಾರೆ. ಅದು ಅವರ ಊರಿನ ಬಿಸಿಲಲ್ಲ.

ಬೇಸಿಗೆಯದು ಇನ್ನೂ ದೊಡ್ಡ ವ್ಯತ್ಯಾಸ. ಮೇ ತಿಂಗಳ ಎರಡನೇ ವಾರದ ಆಸುಪಾಸಿನಲ್ಲಿ ಸೂರ್ಯ ನಮ್ಮ ನೆತ್ತಿಯ ಮೇಲೆ ಬಂದು, ಅಲ್ಲಿಂದ ಆಗಸ್ಟ್ ಮೊದಲ ವಾರದ ತನಕ ಉತ್ತರದ ಮಗ್ಗುಲಿಗೆ ಸರಿದಿರುತ್ತಾನೆ. ಆ ದಿನಗಳಲ್ಲಿ ಬೆಳಗಿನಿಂದ ಸಂಜೆಯ ತನಕ ಬಿಸಿಲು ಬೀಳುವುದು ಉತ್ತರದ ಗೋಡೆಗೆ, ದಕ್ಷಿಣದ ಗೋಡೆಗೆ ನೇರ ಬಿಸಿಲೇ ಇಲ್ಲ. ಬೌಲ್ಡರಿನ ಸೂರ್ಯ ನಡುಮಧ್ಯಾಹ್ನ ಒಂದು ದಿನವೂ ಉತ್ತರಕ್ಕೆ ಹೋಗುವುದಿಲ್ಲ. ಆ ಸೂರ್ಯನನ್ನು ನಂಬಿ ಉತ್ತರದ ಕಿಡಕಿಗೆ ಚಜ್ಜ ಬೇಡವೆಂದು ತೀರ್ಮಾನಿಸಿದ ಮನೆ ಮೇ ಕೊನೆಯಲ್ಲಿ ಹೇಗಿರುತ್ತದೆಂದು ಬಿಸಿಲನಾಡಿನವರಿಗೆ ಹೇಳಬೇಕಿಲ್ಲ. ಇದರ ಜೊತೆಗೆ ದಿಕ್ಕಿನ ತಪ್ಪು ಬೇರೆ. ಪರದೆಯ ಮೇಲೆ ನೆಟ್ಟಗೆ ಕಾಣಲೆಂದು ಎಂಜಿನಿಯರು ಮನೆಯನ್ನು ತಿರುಗಿಸಿ ಬರೆದಿರುತ್ತಾರೆ. ಕಾಗದದ ಮೂಲೆಯಲ್ಲಿ ಉತ್ತರದ ಬಾಣವೇನೋ ಇರುತ್ತದೆ, ಆದರೆ ಚಿತ್ರದ ಸಾಫ್ಟ್‌ವೇರು ಆ ಬಾಣವನ್ನು ಓದುವುದಿಲ್ಲ, ಪರದೆಯ ಮೇಲ್ಭಾಗವನ್ನೇ ಉತ್ತರ ಎಂದುಕೊಳ್ಳುತ್ತದೆ. ದಿಕ್ಕು ನೋಡಿ, ಆಯ ನೋಡಿ ಮನೆ ಕಟ್ಟುವ ಜನ ನಾವು. ನಮ್ಮ ಮನೆಯ ಚಿತ್ರದಲ್ಲಿ ಸೂರ್ಯ ಎಲ್ಲಿ ಮೂಡುತ್ತಾನೆ ಎಂದು ಕೇಳುವುದು ನಮ್ಮ ಹಕ್ಕು.

ಭೀಮೆಯ ದಂಡೆಯವರಿಗೆ ಎತ್ತರವೂ ಅಷ್ಟೇ ಮುಖ್ಯ. 2020ರ ಅಕ್ಟೋಬರ್‌ನ ಪ್ರವಾಹವನ್ನು ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳು ಮರೆತಿಲ್ಲ, ದೇವಲ ಗಾಣಗಾಪುರದ ಕಡೆ ಸೇತುವೆಯೇ ಮುಳುಗಿತ್ತು. ಅಲ್ಲಿ ಮನೆ ಕಟ್ಟುವವರು ಮೊದಲು ಕೇಳುವುದು, ನೀರು ಬಂದ ಗುರುತಿಗಿಂತ ಪಾಯ ಎಷ್ಟು ಮೇಲಿದೆ ಎಂದು. ಸರ್ವೆಯಲ್ಲಿ ಆ ಎತ್ತರ ಸಮುದ್ರಮಟ್ಟದಿಂದ ಅಳೆದು ಬಂದಿರುತ್ತದೆ. ಚಿತ್ರಕ್ಕೆ ತರುವಾಗ ಮನೆಯನ್ನು ‘ಸೊನ್ನೆ’ಗೆ ಇಳಿಸಿ ಸಮತಟ್ಟಾದ ಹಸಿರು ಹುಲ್ಲಿನ ಮೇಲೆ ಕೂರಿಸುತ್ತಾರೆ. ಓಣಿಯ ಇಳಿಜಾರು, ಎದುರು ಮನೆಯ ಕಟ್ಟೆಯ ಮಟ್ಟ, ನೀರಿನ ಗುರುತು, ಎಲ್ಲ ಹೋಗುತ್ತವೆ. ಕಪ್ಪು ಎರೆಮಣ್ಣಿನಲ್ಲಿ ಆಳಕ್ಕಿಳಿಸಿದ ಅಡಿಪಾಯವಂತೂ ಚಿತ್ರಕ್ಕೆ ಬರುವುದೇ ಇಲ್ಲ. ಕಣ್ಣಿಗೆ ಕಾಣದ್ದರ ಮೇಲೆ ದುಡ್ಡು ಹಾಕಲು ಮನೆಯವರು ಹಿಂಜರಿಯುವುದಕ್ಕೆ ಇದೂ ಒಂದು ಕಾರಣ ಎಂದು ನನ್ನ ನಂಬಿಕೆ.

ಸಣ್ಣ ತೊಂದರೆಗಳು ಕೆಲವಿವೆ, ಅವನ್ನು ಬೇಗ ಹೇಳಿಬಿಡುತ್ತೇನೆ. ಮಾದರಿಯ ಪ್ರತಿ ಮುಖಕ್ಕೂ ಅಂಗಿಯಂತೆ ಹೊರಮೈ, ಒಳಮೈ ಇರುತ್ತವೆ. ಸ್ಕೆಚ್‌ಅಪ್‌ನಲ್ಲಿ ಒಳಮೈ ನೀಲಿ ಬೂದು ಬಣ್ಣದ್ದು. ಉಲ್ಟಾ ಆದ ಮುಖಗಳನ್ನು ಹಾಗೇ ಕಳಿಸಿದರೆ ಕೆಲವು ಸಾಫ್ಟ್‌ವೇರುಗಳಲ್ಲಿ ಆ ಗೋಡೆ ಕಪ್ಪಾಗುತ್ತದೆ, ಕೆಲವುಗಳಲ್ಲಿ ಮಾಯವಾಗುತ್ತದೆ. ಇನ್ನು ಗುಂಡಗಿರುವುದೆಲ್ಲ ದಾಟುವಾಗ ಮೂಲೆಮೂಲೆಯಾಗುತ್ತದೆ. ಸ್ಕೆಚ್‌ಅಪ್‌ನಲ್ಲಿ ಬೇರೆ ಹೇಳದಿದ್ದರೆ ವೃತ್ತ ಎಂದರೆ 24 ಬದಿಗಳ ಆಕೃತಿ. 20 ಅಡಿ ಅಡ್ಡಳತೆಯ ಗುಮ್ಮಟಕ್ಕೆ ಒಂದೊಂದು ಬದಿ ಎರಡೂವರೆ ಅಡಿಗಿಂತ ತುಸು ಹೆಚ್ಚು, ಬದಿಯ ನಡುವೆ ನಿಜವಾದ ದುಂಡಿಗಿಂತ ಒಂದು ಇಂಚು ಒಳಗೆ. ಆಳಂದದ ಲಾಡ್ಲೆ ಮಶಾಯಖ್ ದರ್ಗಾದ ನೆರಳಿನಲ್ಲಿ ಬೆಳೆದ ಕಣ್ಣಿಗೆ ಅಂಥ ಗುಮ್ಮಟ ಥಟ್ಟನೆ ಹೊಂದುವುದಿಲ್ಲ. ಬದಿಗಳನ್ನು ಹೆಚ್ಚಿಸಬಹುದು, ಆದರೆ ಫೈಲು ಭಾರವಾಗುತ್ತದೆ, ಹಳೆಯ ಲ್ಯಾಪ್‌ಟಾಪು ನಿಂತುಬಿಡುತ್ತದೆ. ಗುಮ್ಮಟಕ್ಕೆ ಹೆಚ್ಚಿಸಿ, ನಲ್ಲಿಯ ಹಿಡಿಕೆಗೆ ಕಡಿಮೆ ಮಾಡಿ. ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಒಂದು ನಲ್ಲಿಯೇ ಇಡೀ ಮನೆಗಿಂತ ಹೆಚ್ಚು ತ್ರಿಕೋನ ಹೊತ್ತಿರುವುದುಂಟು.

ಸಾಮಗ್ರಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ನಮ್ಮ ಜಿಲ್ಲೆಯ ಮನೆಗಳ ನೆಲ ಎಂದರೆ ಪರಸಿ, ಶಹಾಬಾದ್ ಕಲ್ಲು. ಶಹಾಬಾದ್, ಚಿತ್ತಾಪುರ, ಸೇಡಂ ಸುತ್ತಿನ ಗಣಿಗಳಿಂದ ಬರುವ ಈ ಸುಣ್ಣಕಲ್ಲಿನ ಬೂದು ಬಣ್ಣ, ಬರಿಗಾಲಿಗೆ ಅದು ಕೊಡುವ ತಂಪು ನಮಗೆ ಹುಟ್ಟಿನಿಂದ ಗೊತ್ತು. ಸಾಫ್ಟ್‌ವೇರಿನ ಜೊತೆ ಸಿದ್ಧವಾಗಿ ಬರುವ ಕಲ್ಲುಗಳ ಸಂಗ್ರಹ ಮಾತ್ರ ಹೊರನಾಡಿನದು. ಹುಡುಗ ಕೈಗೆ ಸಿಕ್ಕ ಹೊಳಪಿನ ಅಮೃತಶಿಲೆ ಹಾಕುತ್ತಾನೆ, ಅದನ್ನು ನೋಡಿದ ಮನೆಯವರು ಪರಸಿ ಬೇಡವೆನ್ನುತ್ತಾರೆ. ಎಲ್ಲರ ಕಾಲಡಿಯ ಕಲ್ಲು ಚಿತ್ರದಲ್ಲಿ ಇಲ್ಲವೆಂಬ ಒಂದೇ ಕಾರಣಕ್ಕೆ ಮನೆಯಿಂದ ಹೊರಗೆ ಹೋಗುವುದನ್ನು ನಾನು ಒಪ್ಪಲಾರೆ. ಪರಸಿಯ ಫೋಟೋ ತೆಗೆಯುವುದು ಕಷ್ಟವಲ್ಲ. ಮೋಡ ಮುಸುಕಿದ ಹೊತ್ತಿನಲ್ಲಿ, ನೆರಳು ಬೀಳದಂತೆ, ನೇರ ಮೇಲಿನಿಂದ ಒಂದು ಕಲ್ಲಿನ ಚಿತ್ರ ತೆಗೆದು, ಇದು ಎರಡಡಿಗೆ ಎರಡಡಿ ಎಂದು ಸಾಫ್ಟ್‌ವೇರಿಗೆ ಹೇಳಬೇಕು. ಹೇಳದಿದ್ದರೆ ಒಂದೇ ಕಲ್ಲು ಇಡೀ ಪಡಸಾಲಿಯಷ್ಟು ದೊಡ್ಡದಾಗಿ ಹರಡುತ್ತದೆ. ಎಂಟು ಹತ್ತು ಕಲ್ಲುಗಳ ಚಿತ್ರ ಬೆರೆಸಿ ಹಾಸಿದರೆ ನಮ್ಮ ನೆಲ ನಮ್ಮದಾಗಿಯೇ ಕಾಣುತ್ತದೆ.

ಆ ಫೋಟೋಗಳೂ ಫೈಲಿನ ಜೊತೆ ಪ್ರಯಾಣ ಮಾಡಬೇಕು. ಒಬಿಜೆ ಫೈಲು ಬರೀ ಆಕಾರದ್ದು. ಬಣ್ಣದ ವಿವರ ಪಕ್ಕದ ಎಂಟಿಎಲ್ ಫೈಲಿನಲ್ಲಿ, ಕಲ್ಲಿನ ಚಿತ್ರ ಮೂರನೆಯ ಕಡೆ. ವಾಟ್ಸಾಪಿನಲ್ಲಿ ಒಂದನ್ನೇ ಕಳಿಸಿದರೆ ಆ ಕಡೆ ತೆರೆಯುವುದು ಬೂದು ಮನೆ. ಕನ್ನಡದ ಅಕ್ಷರಗಳಿಗೂ ಇದೇ ಗತಿ. ಶಾಲೆಯ ಅಥವಾ ಗ್ರಾಮ ಪಂಚಾಯತಿಯ ಕಟ್ಟಡದ ಮೇಲಿನ ಹೆಸರನ್ನು ಯೂನಿಕೋಡ್‌ಗೆ ಮುಂಚಿನ ನುಡಿ ಅಕ್ಷರಶೈಲಿಯಲ್ಲಿ ಬರೆದಿದ್ದರೆ, ಆ ಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಗೊಂದಲವೊಂದು ಕಾಣುತ್ತದೆ. ಆಗ ಆ ಕಡೆಯವರು ಅದನ್ನು ಅಳಿಸಿ ಇಂಗ್ಲಿಷ್ ಬೋರ್ಡು ಹಾಕಿಬಿಡುತ್ತಾರೆ. ಅಕ್ಷರಗಳನ್ನು ಗೆರೆಯ ಆಕಾರಗಳಾಗಿ ಮಾರ್ಪಡಿಸಿ ಕಳಿಸಿದರೆ ಕನ್ನಡ ಉಳಿಯುತ್ತದೆ. ಎರಡು ನಿಮಿಷದ ಕೆಲಸ.

ಇಷ್ಟೆಲ್ಲ ಯಾಕೆ ಉದುರುತ್ತದೆ ಎಂದರೆ, ಒಂದೊಂದು ಫೈಲೂ ಬೇರೆ ಬೇರೆ ಕಸುಬಿಗಾಗಿ ಹುಟ್ಟಿದ್ದು. ಡಿಡಬ್ಲ್ಯುಜಿ ಎಂಬ ಪ್ಲಾನಿನ ಫೈಲನ್ನು ಊರೂರಿಗೆ ಮುಟ್ಟಿಸಿದ ಆಟೋಕ್ಯಾಡ್ 1982ರ ಡಿಸೆಂಬರ್‌ನಲ್ಲಿ ಬಂತು. ಅದರ ಹುಟ್ಟು ಗೆರೆ ಎಳೆಯುವುದಕ್ಕೆ. ಒಬಿಜೆ ಬಂದದ್ದು ಚಲನಚಿತ್ರದ ಗ್ರಾಫಿಕ್ಸ್ ಮಾಡುತ್ತಿದ್ದ ವೇವ್‌ಫ್ರಂಟ್ ಕಂಪನಿಯಿಂದ. ಇಂದು ಚಿತ್ರದ ಹುಡುಗರು ಹೆಚ್ಚು ಬಳಸುವ ಎಫ್‌ಬಿಎಕ್ಸ್, ಕೆನಡಾದ ಕೈದಾರಾ ಕಂಪನಿಯು ನಟರ ಚಲನೆಯನ್ನು ಹಿಡಿಯಲು ಮಾಡಿದ ಸಾಫ್ಟ್‌ವೇರಿನದು. ಪಾಯ, ತೊಲೆ, ಚಜ್ಜಗಳ ನೆನಪು ಅವಕ್ಕೆ ಎಲ್ಲಿಂದ ಬರಬೇಕು? ರೆವಿಟ್‌ನ ಹೊಸ ಆವೃತ್ತಿಯಲ್ಲಿ ಉಳಿಸಿದ ಫೈಲನ್ನು ರೆವಿಟ್‌ನ ಹಳೆಯ ಆವೃತ್ತಿಯೇ ತೆರೆಯುವುದಿಲ್ಲ. ಸಣ್ಣ ಊರಿನ ಕಚೇರಿಗೆ ಇದು ದೊಡ್ಡ ಹೊರೆ.

ಕಟ್ಟಡದ ಅರ್ಥವನ್ನೇ ಹೊರಲೆಂದು ಮಾಡಿದ್ದು ಐಎಫ್‌ಸಿ. 1990ರ ದಶಕದ ನಡುವಿನಲ್ಲಿ ಶುರುವಾದ ಕೆಲಸ, 2013ರಲ್ಲಿ ಐಎಸ್‌ಒ 16739 ಎಂಬ ಪೂರ್ಣ ಅಂತರರಾಷ್ಟ್ರೀಯ ಮಾನದಂಡವಾಯಿತು. ಯಾವ ಒಂದು ಕಂಪನಿಯ ಸೊತ್ತೂ ಅಲ್ಲ. ಅದರಲ್ಲಿ ಗೋಡೆ ಗೋಡೆಯಾಗಿಯೇ ದಾಟುತ್ತದೆ, ಯಾವ ಮಹಡಿಯದೆಂಬ ನೆನಪಿನೊಂದಿಗೆ. ಕಲ್ಲಿನ ಹೊಳಪು, ಬಣ್ಣದ ನಯ ಮಾತ್ರ ಅದರಲ್ಲಿ ಸರಿಯಾಗಿ ಬರುವುದಿಲ್ಲ. ನೋಟಕ್ಕೆ ಜಿಎಲ್‌ಟಿಎಫ್ ಎಂಬ ಫೈಲು ಒಳ್ಳೆಯದು. ಅದರ ಒಂದು ರೂಪದಲ್ಲಿ ಆಕಾರ, ಬಣ್ಣ, ಕಲ್ಲಿನ ಚಿತ್ರ ಎಲ್ಲ ಒಂದೇ ಗಂಟಿನಲ್ಲಿ ಇರುತ್ತವೆ, ಅಳತೆಯೂ ಮೀಟರಿನಲ್ಲೇ ಎಂದು ನಿಗದಿಯಾಗಿದೆ, ಮೊಬೈಲಿನಲ್ಲೂ ತೆರೆಯಬಹುದು. ನನ್ನ ಅಭಿಪ್ರಾಯದಲ್ಲಿ ಎರಡನ್ನೂ ಕಳಿಸಬೇಕು, ಅರ್ಥಕ್ಕೆ ಐಎಫ್‌ಸಿ, ನೋಟಕ್ಕೆ ಜಿಎಲ್‌ಟಿಎಫ್. ದುಡ್ಡಿನ ಚಿಂತೆಯೂ ಬೇಡ. 2002ರಿಂದ ಮುಕ್ತವಾಗಿರುವ ಬ್ಲೆಂಡರ್ ಉಚಿತ, ಬೊನ್ಸಾಯ್ ಎಂಬ ಉಚಿತ ಜೋಡಣೆ ಹಾಕಿಕೊಂಡರೆ ಅದೇ ಬ್ಲೆಂಡರ್ ಐಎಫ್‌ಸಿಯನ್ನೂ ಓದುತ್ತದೆ. 1958ರಿಂದ ಎಂಜಿನಿಯರುಗಳನ್ನು ತಯಾರು ಮಾಡುತ್ತಿರುವ ಪಿ.ಡಿ.ಎ. ಕಾಲೇಜು ಕಲಬುರಗಿಯಲ್ಲೇ ಇದೆ. ಅಲ್ಲಿ ಓದುವ ನಮ್ಮ ಹಳ್ಳಿಯ ಮಕ್ಕಳು ಕಲಿತು ಬಂದರೆ ಊರಿನ ಕಚೇರಿಯಲ್ಲೇ ಎರಡೂ ಕೆಲಸ ನಡೆದೀತು.

ಇನ್ನು ಮೊದಲು ಹೇಳಿದ ಆ ಕಿಡಕಿ. ಬಹಳ ಸಲ ಅಲ್ಲಿ ಅಳತೆ ತಪ್ಪಿರುವುದಿಲ್ಲ, ಹೊತ್ತು ತಪ್ಪಿರುತ್ತದೆ. ಮೊದಲ ಪ್ಲಾನಿನಲ್ಲಿ ಕಿಡಕಿ ಆರಡಿ ಇತ್ತು, ಚಿತ್ರ ಅದರಿಂದ ಆಯಿತು. ಆಮೇಲೆ ಮೂಲೆಗೊಂದು ಕಾಲಮ್ ಬಂದು ಎಂಜಿನಿಯರು ನಾಲ್ಕಡಿಗೆ ಇಳಿಸಿದರು. ಹೊಸ ಪ್ಲಾನು ಗೌಂಡಿಗೆ ಹೋಯಿತು, ಚಿತ್ರದ ಹುಡುಗನಿಗೆ ಹೋಗಲಿಲ್ಲ. ಹೋದರೂ ಅವನು ಹೊಸ ಮಾದರಿ ತಂದು ಎಲ್ಲ ಬಣ್ಣಗಳನ್ನು ಮತ್ತೆ ಹಾಕಬೇಕಿತ್ತು, ಅದಕ್ಕೆ ದುಡ್ಡು ಕೊಡುವವರಿರಲಿಲ್ಲ. ಇದಕ್ಕೆ ಉಪಾಯ ಹೆಸರಿನಲ್ಲಿದೆ. ಹೊರಗೋಡೆ, ಒಳಗೋಡೆ, ಪರಸಿ, ಚಜ್ಜ ಎಂದು ಮೊದಲ ದಿನವೇ ಒಂದೊಂದಕ್ಕೂ ಹೆಸರಿಟ್ಟು, ಆ ಹೆಸರುಗಳನ್ನು ಕೊನೆಯ ತನಕ ಬದಲಿಸದಿದ್ದರೆ, ಲ್ಯೂಮಿಯಾನ್‌ನಂಥ ಸಾಫ್ಟ್‌ವೇರಿನಲ್ಲಿ ಹಳೆಯದರ ಜಾಗಕ್ಕೆ ಹೊಸ ಮಾದರಿಯನ್ನು ತಂದಾಗ ಬಣ್ಣಗಳು ಹೆಸರು ಹಿಡಿದು ತಾವಾಗಿಯೇ ಕೂರುತ್ತವೆ. ಎರಡೂ ಸಾಫ್ಟ್‌ವೇರುಗಳನ್ನು ನೇರ ಜೋಡಿಸುವ ಸೌಕರ್ಯವೂ ಈಗ ಇದೆ, ಇಲ್ಲಿ ಕಿಡಕಿ ಕಿರಿದು ಮಾಡಿದರೆ ಅಲ್ಲಿ ಚಿತ್ರವೂ ಬದಲಾಗುತ್ತದೆ. ಆದರೆ ಅದಕ್ಕೆ ಇಬ್ಬರೂ ಒಂದೇ ಮಾದರಿಯ ಮೇಲೆ ಕೆಲಸ ಮಾಡಬೇಕು. ಪ್ಲಾನಿನ ಫೋಟೋ ನೋಡಿ ಮನೆ ಎಬ್ಬಿಸುವ ರೂಢಿ ಇರುವ ತನಕ ಯಾವ ಜೋಡಣೆಯೂ ನೆರವಾಗದು.

ಮನೆ ಕಟ್ಟಿಸುವವರಿಗೆ ಇದೆಲ್ಲ ತಲೆಗೆ ಹಚ್ಚಿಕೊಳ್ಳುವ ಅಗತ್ಯವಿಲ್ಲ. ಚಿತ್ರಕ್ಕೆ ದುಡ್ಡು ಕೊಡುವ ಮುಂಚೆ ಕೆಲವು ಮಾತು ಕೇಳಿದರೆ ಸಾಕು. ಇದು ಯಾವ ತಾರೀಖಿನ ಪ್ಲಾನಿನಿಂದ ಆದ ಚಿತ್ರ? ಅದೇ ತಾರೀಖಿನ ಕಾಗದ ಗೌಂಡಿಯ ಕೈಯಲ್ಲಿದೆಯೇ? ಉತ್ತರ ಯಾವ ಕಡೆ? ರಸ್ತೆಯಿಂದ ಹೊಸ್ತಿಲು ಎಷ್ಟು ಎತ್ತರ? ಮನೆಯ ಅಜ್ಜಿಯ ಕೈಗೂ ಮೊಬೈಲು ಕೊಟ್ಟು ಬೆರಳಿನಿಂದ ಮನೆ ತಿರುಗಿಸಿ ನೋಡಲು ಬಿಡಿ. ಅವರು ಕೇಳುವ ಪ್ರಶ್ನೆ ಎಂಜಿನಿಯರಿಗೂ ಹೊಳೆದಿರುವುದಿಲ್ಲ. “ಯಪ್ಪಾ, ಚಳಿಗಾಲದಾಗ ಮುಂಜಾನಿ ಬಿಸಲು ಪಡಸಾಲ್ಯಾಗ ಎಲ್ಲಿತನಕ ಬರ್ತದ? ನಾ ಕೂಡು ಕಟ್ಟಿಗಿ ಬರ್ತದೇನು?” ಊರು ಆಳಂದ, ತಿಂಗಳು ಜನವರಿ, ಹೊತ್ತು ಮುಂಜಾನೆ ಎಂಟು ಎಂದು ತುಂಬಿದರೆ, ಅಳತೆ, ದಿಕ್ಕು ಎರಡೂ ಸರಿಯಾಗಿ ದಾಟಿ ಬಂದ ಮನೆ ಆ ಕಟ್ಟೆಯ ಮೇಲೆ ಬಿಸಿಲು ಬೀಳುವುದೋ ಇಲ್ಲವೋ ಎಂದು ಅಲ್ಲೇ ತೋರಿಸುತ್ತದೆ.